ಗಿಡ್ಡ ಹಗ್ಗದ ಹಾಯಿದೋಣಿ

ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವವರಿಗೆ ದೋಸೆ ಹುಯ್ದು ಕೊಡುವ ಮನುಷ್ಯನಿಗೆ ಹಾಯಿದೋಣಿ ಯಾಕೆ ಬೇಕು ಎಂದು ಹೆಂಡತಿ ಕೇಳಿದಾಗ ನಾನು ಬಹಳ ಗಂಭೀರವಾಗಿ, "ಕಡಲು ನಮ್ಮ ರಕ್ತದಲ್ಲೇ ಇತ್ತ್ ಮಾರಾಯ್ತಿ" ಎಂದಿದ್ದೆ. ಆಕೆ ಒಮ್ಮೆ ನನ್ನ ಹೊಟ್ಟೆಯನ್ನೂ ಒಮ್ಮೆ ಕೆಟ್ಟು ನಿಂತಿದ್ದ ಗ್ರೈಂಡರನ್ನೂ ನೋಡಿದಳು. "ಮೊದ್ಲ್ ಅದನ್ನ್ ಸರಿ ಮಾಡ್ಸಿ. ರಕ್ತದ್ ವಿಷ್ಯ ಆಮೇಲೆ ಮಾತಾಡ್ವ" ಎಂದು ಒಳಗೆ ಹೋದಳು. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ವಡೋದರೆಯ ಅಲ್ಕಾಪುರಿಯಲ್ಲಿ ಹೋಟೆಲಿಟ್ಟಿದ್ದ ನನ್ನ ಭಾವ ಅದೇ ವರ್ಷ ಕಾರು ಕೊಂಡ. ಕಾರಿಗೆ ಬ್ರೇಕ್ ಇರುತ್ತದೆ ಎಂಬುದು ಅವನಿಗೆ ಹೊಳೆದಿತ್ತು, ನನಗೆ ಹೊಳೆಯಲಿಲ್ಲ.

ನಿಜವಾದ ಕಾರಣ ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಹತ್ತು ವರ್ಷದ ಮಗಳು ಸೂರತ್ತಿನಲ್ಲೇ ಹುಟ್ಟಿ ಬೆಳೆದವಳು. ಒಂದು ದಿನ ಗಲ್ಲಾದ ಪಕ್ಕದ ಮೇಜಿನಲ್ಲಿ ಕುಳಿತು, ಪಪ್ಪನ ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಗೆಳತಿಗೆ ಗುಜರಾತಿಯಲ್ಲಿ ಹೇಳುತ್ತಿದ್ದಳು. ಕುಂದಾಪುರದ ಕಡಲು, ಹೊಳೆಗಳು, ಎಲ್ಲವನ್ನೂ ಅರ್ಧ ನಿಮಿಷದಲ್ಲಿ ಒರೆಸಿ ಹಾಕಿದ್ದಳು. ನನಗೆ ಚುರುಕ್ಕೆಂದಿತು. ಅವತ್ತಿನಿಂದ ಕಥೆ ಕಟ್ಟತೊಡಗಿದೆ. ಅವಳ ವಯಸ್ಸಿನಲ್ಲಿ ನಾನೊಬ್ಬನೇ ದೋಣಿ ನಡೆಸುತ್ತಿದ್ದೆ, ಬಿರುಗಾಳಿಗೆ ಸಿಕ್ಕಿ ಬರಿಗೈಯಲ್ಲಿ ಹಾಯಿ ಇಳಿಸಿದ್ದೆ, ದಡದಲ್ಲಿ ಊರಿಗೆ ಊರೇ ಕಾದು ನಿಂತಿತ್ತು, ಇತ್ಯಾದಿ. ಅವಳ ಕಣ್ಣು ಅರಳುತ್ತಿತ್ತು. ನನ್ನ ಬಾಯಿಗೆ ಲಗಾಮು ಇರಲಿಲ್ಲ. ಕೊನೆಗೆ ಅವಳು, "ಹಾಗಾದ್ರೆ ನಮ್ಗೆ ಒಂದು ಬೋಟ್ ಯಾಕಿಲ್ಲ ಪಪ್ಪಾ?" ಎಂದಳು.

ತಾಪಿ ನದಿ ಸಮುದ್ರ ಸೇರುವ ಕಡೆ ಒಬ್ಬ ಮುದುಕ ಅಂಬಿಗನಿದ್ದ. ತಾನು ಎಂಜಿನ್ ದೋಣಿ ಕೊಂಡು, ತನ್ನ ಹಳೆಯ ತೇಗದ ಹಾಯಿದೋಣಿಯನ್ನು ಯಾರ ತಲೆಗೆ ಕಟ್ಟಲಿ ಎಂದು ಕಾಯುತ್ತಿದ್ದ. ದೇವರು ನನ್ನನ್ನು ಕಳಿಸಿದ. ಭಾರದ ದೋಣಿಯ ಗುಣ ವಿಚಿತ್ರ. ಅದಕ್ಕೆ ಹೊರಡಲು ಮನಸ್ಸಿರುವುದಿಲ್ಲ, ಹೊರಟ ಮೇಲೆ ನಿಲ್ಲಲು ಮನಸ್ಸಿರುವುದಿಲ್ಲ. ದೋಣಿ ಕಟ್ಟುವ ಧಕ್ಕೆ ಇನ್ನೂ ದೂರವಿರುವಾಗಲೇ ಹಾಯಿ ಇಳಿಸಬೇಕು, ಹರಿವಿಗೆ ಎದುರಾಗಿ ತಿರುಗಿಸಿದರೆ ದೋಣಿ ತಾನೇ ಸುಸ್ತಾಗಿ ಬಂದು ನಿಲ್ಲುತ್ತದೆ ಎಂದು ಮುದುಕ ಕೈಸನ್ನೆ ಮಾಡಿ ಕಲಿಸಿದ. ಹೊಟ್ಟೆಯಲ್ಲಿದ್ದಾಗಲೇ ಇದನ್ನೆಲ್ಲ ಕಲಿತು ಬಂದವನಂತೆ ನಾನು ತಲೆಯಾಡಿಸಿದೆ. ಆಮೇಲೆ ತುಂಬು ಹಾಯಿಯಲ್ಲಿ ನೇರವಾಗಿ ಧಕ್ಕೆಗೆ ಹೋಗಿ ಗುದ್ದಿದೆ. ಧಕ್ಕೆಯ ಮೇಲೆ ಚಹಾ ಕುಡಿಯುತ್ತಿದ್ದವರು ಲೋಟ ಸಮೇತ ಎದ್ದು ಓಡಿದರು. ಮೂತಿಯ ಹಲಗೆಯೊಂದು ಸೀಳಿತು.

"ಊರಲ್ಲಿ ಧಕ್ಕೆ ಸಾಫ್ಟ್ ಇರ್ತದಾ ಪಪ್ಪಾ?" ಎಂದು ಮಗಳು ಕೇಳಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಗಾಳಿಯ ಮೇಲೆ ತಪ್ಪು ಹೊರಿಸಿದೆ.

ಐದಾರು ಭಾನುವಾರ ಹೀಗೇ ಕಳೆಯಿತು. ಗುದ್ದುವುದು, ಹಲಗೆಗೆ ತೇಪೆ ಹಾಕಿಸುವುದು, ಮತ್ತೆ ಗುದ್ದುವುದು. ಕೊನೆಗೊಂದು ಬೆಳಗ್ಗೆ, ನೀರು ತುಂಬಿ ನಿಂತಿದ್ದಾಗ, ಮೊಟ್ಟಮೊದಲ ಬಾರಿಗೆ ದೋಣಿ ಮದುಮಗಳ ಹಾಗೆ ಮೆತ್ತಗೆ ಬಂದು ಧಕ್ಕೆಗೆ ತಾಗಿತು. ಮಗಳು ಚಪ್ಪಾಳೆ ತಟ್ಟಿದಳು. ನನ್ನ ತಲೆ ಅಲ್ಲೇ ತಿರುಗಿರಬೇಕು. ಹಗ್ಗ ಎತ್ತಿಕೊಂಡು ಧಕ್ಕೆಯ ಕಂಬಕ್ಕೆ ಗಿಡ್ಡವಾಗಿ, ಬಿಗಿಯಾಗಿ ಬಿಗಿದೆ. ಊರಿನಲ್ಲಿ ದಡದ ಮೇಲೆ ನಿಂತು ಕಣ್ಣಾರೆ ಕಂಡಿದ್ದ ಒಂದೇ ವಿದ್ಯೆ ಅದು.

"ಅಣ್ಣಾ, ರಸ್ಸಿ ಲಂಬೀ ಛೋಡೋ. ಪಾನಿ ಬಹುತ್ ನೀಚೇ ಜಾಯೇಗಾ" ಎಂದ ಮುದುಕ.

"ಕಾಕಾ ಹೇಳ್ತಾರೆ, ನೀರು ತುಂಬಾ ಕೆಳಗೆ ಹೋಗ್ತದಂತೆ, ರೋಪ್ ಉದ್ದ ಬಿಡ್ಬೇಕಂತೆ" ಎಂದು ಮಗಳೂ ಹೇಳಿದಳು.

"ಕಡ್ಲ್ ಬದಿಯವ್ರಿಗೆ ದೋಣಿ ಕಟ್ಟುಕೆ ಹೇಳ್ಕೊಡ್ತ್ರಾ?" ಎಂದು ನಕ್ಕು, ಅವಳನ್ನು ಕರೆದುಕೊಂಡು ಡುಮ್ಮಸ್ ಬೀಚಿಗೆ ಭಜಿಯಾ ತಿನ್ನಲು ಹೋದೆ.

ನಮ್ಮ ಕಡಲಿನಲ್ಲಿ ಇಳಿತವೆಂದರೆ ನೀರು ಸೊಂಟದಷ್ಟು ಕೆಳಗೆ ಹೋಗುತ್ತದೆ, ಹೆಚ್ಚೆಂದರೆ ಎದೆಯಷ್ಟು. ಈ ಕಡಲಿನ ಲೆಕ್ಕವೇ ಬೇರೆ. ನಾವು ಮಧ್ಯಾಹ್ನ ಮರಳಿದಾಗ ನದಿ ಎರಡು ಮೂರು ಆಳೆತ್ತರ ಕೆಳಗಿತ್ತು, ಕಣ್ಣಿಗೆ ಕಾಣುವಷ್ಟೂ ಕೆಸರು. ನನ್ನ ದೋಣಿ ಮೂತಿಯನ್ನು ಆಕಾಶಕ್ಕೆ ಎತ್ತಿಕೊಂಡು, ಹಿಂಭಾಗವನ್ನು ಕೆಸರಿನಲ್ಲಿ ಹೂತುಕೊಂಡು, ನಾನು ಬಿಗಿದ ಹಗ್ಗದಲ್ಲಿ ನೇತಾಡುತ್ತಿತ್ತು. ಲಂಗರು, ಬಕೀಟು, ಮಗಳ ನೀರಿನ ಬಾಟಲಿ ಎಲ್ಲವೂ ಜಾರಿ ಕೆಳಗೆ ಗುಡ್ಡೆಯಾಗಿದ್ದವು. ಹಗ್ಗ ಕಡಿದರೆ ದೋಣಿ ಧೊಪ್ಪನೆ ಬಿದ್ದು ಒಡೆಯುತ್ತದೆ, ನೀರು ಮತ್ತೆ ಏರುವವರೆಗೆ ಕಾಯುವುದೊಂದೇ ದಾರಿ ಎಂದ ಮುದುಕ. ನೋಡಲು ಜನ ಸೇರಿದರು. ಆ ಮಧ್ಯಾಹ್ನ ಆ ಧಕ್ಕೆಯಲ್ಲಿ ನನ್ನಷ್ಟು ಪ್ರಸಿದ್ಧ ಕನ್ನಡಿಗ ಇನ್ನೊಬ್ಬನಿರಲಿಲ್ಲ.

ಜನ ಕರಗಿದ ಮೇಲೆ ಅಪ್ಪ ಮಗಳು ಇಬ್ಬರೇ ಧಕ್ಕೆಯ ಅಂಚಿನಲ್ಲಿ ಕುಳಿತೆವು.

"ಊರಲ್ಲೂ ಬೋಟ್ ಹೀಗೇ ಕಟ್ತಿದ್ಯಾ?" ಎಂದಳು.

ಇನ್ನೊಂದು ಕಥೆ ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ನೇತಾಡುತ್ತಿದ್ದ ದೋಣಿ ನೋಡಿ ನುಂಗಿಕೊಂಡೆ.

"ಇಲ್ಲೆ ಮಗಾ. ನಾನು ಯಾವತ್ತೂ ದೋಣಿ ನಡೆಸ್ಲೇ ಇಲ್ಲೆ."

"ಆ ಸ್ಟಾರ್ಮ್?"

"ಸುಳ್ಳು."

ಅವಳು ಮುಖ ಆ ಕಡೆ ತಿರುಗಿಸಿದಳು. ನನಗೆ ಹೆದರಿಕೆಯಾಯಿತು. ದೋಣಿ ಒಡೆದರೆ ಒಡೆಯಲಿ, ಇವಳು ಇನ್ನು ನನ್ನ ಯಾವ ಮಾತನ್ನೂ ನಂಬದೆ ಹೋದರೆ ಏನು ಮಾಡಲಿ? ಅವಳು ಕೆಸರಿಗೆ ಒಂದೆರಡು ಕಲ್ಲು ಎಸೆದಳು. ಆಮೇಲೆ, "ಮತ್ತೆ ನನ್ನ ಏಜ್‌ನಲ್ಲಿ ಏನ್ ಮಾಡ್ತಿದ್ದಿ?" ಎಂದಳು.

ಹೇಳಿದೆ. ಅಮ್ಮ ಮೀನುಗಾರರಿಗೆ ಮಾರಲು ಇಡ್ಲಿ ಬೇಯಿಸುತ್ತಿದ್ದಳು, ನಾನು ಬುಟ್ಟಿ ಹೊತ್ತು ಅವಳ ಜೊತೆ ಧಕ್ಕೆಗೆ ಹೋಗುತ್ತಿದ್ದೆ. ಒಂದೇ ಒಂದು ಸಲ ದೋಣಿಯಲ್ಲಿ ಹೊಳೆ ದಾಟಿದ್ದೆ, ಆಚೆ ದಡ ಮುಟ್ಟುವುದರೊಳಗೆ ಮೂರು ಬಾರಿ ವಾಂತಿ ಮಾಡಿಕೊಂಡಿದ್ದೆ. ಬಿರುಗಾಳಿಯ ಕಥೆಗೆ ಒಂದೂ ಪ್ರಶ್ನೆ ಕೇಳದವಳು ಇದಕ್ಕೆ ಹತ್ತಾರು ಕೇಳಿದಳು. ಬುಟ್ಟಿ ಎಷ್ಟು ದೊಡ್ಡದು, ಎಷ್ಟು ಗಂಟೆಗೆ ಏಳುತ್ತಿದ್ದೆ, ಮೀನುಗಾರರು ದೋಣಿಗೆ ಕರೆಯಲಿಲ್ಲವೇ.

"ಕರೀತಿದ್ರು. ನಂಗೇ ಹೆದ್ರಿಕೆ."

"ಈಗ್ಲೂ ಹೆದ್ರಿಕೆ ಇದ್ಯಾ?"

ಇಷ್ಟು ಭಾನುವಾರಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. "ಇದೆ" ಎಂದೆ.

ಸಂಜೆ ನೀರು ಏರಿತು, ಹಗ್ಗ ಸಡಿಲಾಯಿತು, ದೋಣಿ ನೆಟ್ಟಗಾಗಿ ತೇಲಿತು. ಪ್ರತಿ ಸಲವೂ ಮಹಾ ನಾವಿಕನ ಹಾಗೆ ಮೊದಲು ದೋಣಿಗೆ ಹಾರುತ್ತಿದ್ದವನು ನಾನು. ಅವತ್ತು ಅವಳು ಮೊದಲು ಇಳಿದಳು, ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, ನನ್ನ ಕಡೆ ಕೈ ಚಾಚಿದಳು. ನಾನು ಅದನ್ನು ಹಿಡಿದುಕೊಂಡೇ ಇಳಿದೆ.