ಹದಿನೇಳನೆಯ ಅಂಕಿ

ವನಜಾ ಪೀಣ್ಯದ ಒಂದು ಸಣ್ಣ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಕಾರ್ಖಾನೆಗಳ ಉಗಿ ಟ್ಯಾಂಕಿಗೆ ಎಷ್ಟು ದಪ್ಪದ ಉಕ್ಕು ಬೇಕೆಂದು ಲೆಕ್ಕ ಹಾಕುವ ಹಳೆಯ ಫೋರ್‌ಟ್ರಾನ್ ಪ್ರೋಗ್ರಾಂ ಅವಳ ಕೈಯಲ್ಲಿತ್ತು. ಅದನ್ನು ಬರೆದವರು ಮಾಲೀಕರಾದ ಶಿವಶಂಕರ್.

ಆ ಸೋಮವಾರ ಪ್ರೋಗ್ರಾಂ ಅನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಹೊಸ ಕಂಪೈಲರ್ ಹಾಕಿದಾಗ ಅದು ಒಂದೇ ಒಂದು ಸಾಲಿಗೆ ಎರರ್ ಕೊಟ್ಟಿತು. ಯಾವ ಬಿಸಿಯಲ್ಲಿ ಉಕ್ಕು ಎಷ್ಟು ಒತ್ತಡ ತಡೆಯುತ್ತದೆ ಎಂಬ, ಎಂದೂ ಬದಲಾಗದ ಅಂಕಿಗಳನ್ನು ಸಾಲಾಗಿ ಜೋಡಿಸಿದ ಅರೇ ಅದು. ಇದ್ದ ಜಾಗ ಹದಿನಾರು, ತುಂಬಿದ್ದ ಅಂಕಿ ಹದಿನೇಳು. ಹಳೆಯ ಕಂಪೈಲರ್ ಕೊನೆಯದನ್ನು ಸದ್ದಿಲ್ಲದೆ ಕೈಬಿಡುತ್ತಿತ್ತು.

"ಕೊನೇದನ್ನ ತೆಗೆದ್ಬಿಡಿ, ಮೊದ್ಲು ಓಡ್ಲಿ" ಎಂದರು ಶಿವಶಂಕರ್.

ತೆಗೆದಳು. ಓಡಿತು. ಆದರೂ ಮನಸ್ಸು ಒಪ್ಪದೆ, ಕಪಾಟಿನಲ್ಲಿದ್ದ, ಆ ಅಂಕಿಗಳ ಮೂಲ ಅಚ್ಚಿನ ಪಟ್ಟಿಯನ್ನು ತಂದು ಒಂದೊಂದೇ ಅಂಕಿ ಹೋಲಿಸಿದಳು. ಆರನೆಯದು ಎರಡು ಸಲ ಟೈಪಾಗಿತ್ತು. ಅಲ್ಲಿಂದಾಚೆಗಿನ ಅಂಕಿಗಳೆಲ್ಲ ಒಂದು ಮನೆ ಮುಂದಕ್ಕೆ ಸರಿದು, ಕಡಿಮೆ ಬಿಸಿಯ ಅಂಕಿ ಹೆಚ್ಚು ಬಿಸಿಯ ಜಾಗದಲ್ಲಿ ಕೂತಿತ್ತು. ಬಿಸಿ ಏರಿದಷ್ಟೂ ಉಕ್ಕಿನ ಬಲ ಕುಗ್ಗುತ್ತದೆ. ಅಂದರೆ, ತೀರ ಬಿಸಿಯಾಗುವ ಟ್ಯಾಂಕುಗಳ ಉಕ್ಕನ್ನು ಇರುವುದಕ್ಕಿಂತ ಗಟ್ಟಿಯೆಂದು ನಂಬಿ, ತೆಳ್ಳಗೆ ಮಾಡಿಸಿದ್ದರು. ಇಷ್ಟು ವರ್ಷವೂ.

ಹಳೆಯ ಫೈಲು ತೆರೆದರೆ ಅಂಥ ಟ್ಯಾಂಕು ಏಳು ಸಿಕ್ಕವು. ಮೂರನೆಯದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯದು. ಅವಳ ಗಂಡ ಮುನೀಂದ್ರ ಅಲ್ಲಿಯೇ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆ ಹೊತ್ತಿಗೆ ಕೆಲಸದ ಮೇಲಿದ್ದ.

ಮೊದಲ ಎರಡು ಸಲ ಅವನು ಫೋನ್ ಎತ್ತಲಿಲ್ಲ. ಮೂರನೆಯ ಸಲ ಎತ್ತಿದ.

"ರೀ, ಉಗಿ ನಿಲ್ಸಿ. ಆ ದೊಡ್ಡ ಟ್ಯಾಂಕ್ ಹತ್ರ ಯಾರೂ ನಿಂತ್ಕೋಬಾರ್ದು."

"ಸೂಪರ್‌ವೈಸರ್ ಸುಮ್ನೆ ಬಿಡಲ್ಲ ಕಣೇ. ಏನಾಯ್ತು?"

"ಲೆಕ್ಕ ತಪ್ಪಿದೆ. ನಮ್ಮ ಆಫೀಸಿನ ಲೆಕ್ಕ."

ಮರುಕ್ಷಣವೇ ಅವನು ವಾಲ್ವ್ ತಿರುಗಿಸುವ ಸದ್ದು ಅವಳಿಗೆ ಕೇಳಿಸಿತು.

ಶಿವಶಂಕರ್ ಪಟ್ಟಿಯನ್ನು ತಾವೇ ಇನ್ನೊಮ್ಮೆ ಹೋಲಿಸಿ ನೋಡಿದರು. ಕಂಪನಿ ಮುಳುಗಬಹುದೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅವರೇ ಉಳಿದ ಆರು ಕಡೆಗೂ ಫೋನ್ ಮಾಡಿ, ತಪ್ಪು ತಮ್ಮದೆಂದು ಹೇಳಿದರು. ಬೊಮ್ಮನಹಳ್ಳಿಯ ಒಂದು ಕಡೆ ಯಾರೂ ಎತ್ತದಿದ್ದಾಗ ಕಾರು ತೆಗೆದುಕೊಂಡು ಹೊರಟೇಬಿಟ್ಟರು. ಸಂಜೆಯೊಳಗೆ ಏಳೂ ಟ್ಯಾಂಕು ಉಗಿ ನಿಂತು ತಣ್ಣಗಾಗಿದ್ದವು.

ಎರಡು ದಿನ ಬಿಟ್ಟು ತಪಾಸಣೆಯವರು ಬಂದರು. ಮುನೀಂದ್ರನ ಟ್ಯಾಂಕಿನ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. ತಾನು ದಿನಾ ಊಟಕ್ಕೆ ಕೂರುತ್ತಿದ್ದದ್ದು ಅದರ ಎದುರಿಗೇ ಎಂದು ಅವನು ಮನೆಗೆ ಬಂದು ಹೇಳಿದ. ವನಜಾ ಅನ್ನದ ತಟ್ಟೆ ಕೆಳಗಿಟ್ಟು ಅವನ ತೋಳು ಹಿಡಿದು ಕುಳಿತಳು.