ದಿಂಬಿನ ಕೆಳಗಿಟ್ಟ ಕಲ್ಲು

ಕಂಪಲಾಪುರ ದಾಟುವಾಗ ಕಾರಿನ ಕಿಟಕಿ ಇಳಿಸಿದ್ದೇ ತಪ್ಪಾಯಿತು. ರಸ್ತೆ ಪಕ್ಕದಲ್ಲಿ, ಒಲೆ ಉರಿಸಿ ಸೊಪ್ಪು ಒಣಗಿಸುವ ಯಾರದೋ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಬೆಲ್ಲ ಸೀದಂತಿರುವ ಆ ಘಾಟು ಮೂಗಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ದೊಡ್ಡಪ್ಪ ಕಣ್ಣ ಮುಂದೆ ಬಂದು ನಿಂತರು. ಅವರ ಅಂಗಿಗೆ, ಹೆಗಲ ಟವೆಲ್ಲಿಗೆ, ಕೊನೆಗೆ ಅವರ ಮನೆಯ ಕಾಫಿಗೂ ಅದೇ ವಾಸನೆ ಇತ್ತು...

ದೊಡ್ಡಪ್ಪ ಅನ್ನುವುದಕ್ಕೆ ರಕ್ತಸಂಬಂಧವೇನಿಲ್ಲ. ಎರಡು ಮನೆಗೂ ಒಂದೇ ಗೋಡೆ, ಅಷ್ಟೆ. ನಾನಾಗ ಊರಿನಲ್ಲೇ ಇದ್ದು ಬಾಡಿಗೆ ಕಾರು ಓಡಿಸುತ್ತಿದ್ದೆ. ಬಾಡಿಗೆ ಇಲ್ಲದ ದಿನ ನಾನು ತಡವಾಗಿ ಎದ್ದರೆ, ಸಾಹೇಬರಿಗೆ ಬೆಳಗಾಯಿತೋ ಎಂದು ಗೋಡೆಯಾಚೆಯಿಂದಲೇ ರೇಗಿಸುತ್ತಿದ್ದರು. ಅವರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ಮಗಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ.

ಅಕ್ಕನದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಹೆಣ್ಣು ಬಂದರೆ ಮಾವ ಉಳಿಯುವುದಿಲ್ಲ ಎಂದು ನಮ್ಮ ಕಡೆ ಒಂದು ಮಾತು. ನೋಡಲು ಬಂದವರು ಉಪ್ಪಿಟ್ಟು ತಿಂದು, ನಕ್ಷತ್ರ ಕೇಳಿ, ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಒಂದು ಮನೆಯವರಂತೂ ಒಪ್ಪಿಕೊಂಡು ಹೋಗಿ, ವಾರದೊಳಗೆ ಹಸು ಸತ್ತಿತೆಂದು ಹಿಂದೆ ಸರಿದರು. ಆ ಹಸುವಿಗೆ ಏನು ಕಾಯಿಲೆಯಿತ್ತೋ, ಯಾರೂ ಕೇಳಲಿಲ್ಲ. ಅಂದಿನಿಂದ ದೊಡ್ಡಪ್ಪ ಬೆಕ್ಕು ಅಡ್ಡ ಬಂದರೂ ಬೆಚ್ಚುವಂತಾದರು.

ಕೊನೆಗೆ ಕೆ.ಆರ್. ನಗರದ ಕಡೆಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗನಿಗೆ ತಂದೆ ಇರಲಿಲ್ಲ, ಹಾಗಾಗಿ ನಕ್ಷತ್ರದ ತಕರಾರೂ ಇರಲಿಲ್ಲ. ತಾಯಿ ಬಿಗುವಿನ ಮುಖದ, ಮಿತಮಾತಿನ ಹೆಂಗಸು. ನಿಶ್ಚಿತಾರ್ಥಕ್ಕೆ ವಜ್ರದ ಉಂಗುರವನ್ನೇ ಹಾಕುತ್ತೇನೆ ಎಂದು ಹುಡುಗ ಹಟ ಹಿಡಿದಿದ್ದ.

ಎರಡೂ ಮನೆಯವರು ಹುಣಸೂರಿನ ಒಡವೆ ಅಂಗಡಿಯಲ್ಲಿ ಸೇರಿದೆವು. ಅಂಗಡಿಯವರು ಕಪ್ಪು ಬಟ್ಟೆಯ ಮೇಲೆ ಬಿಡಿ ಕಲ್ಲುಗಳನ್ನು ಹರವಿದರು. ದುಂಡಗಿನದು, ಚೌಕದ್ದು, ಹೃದಯದ ಆಕಾರದ್ದು. ದೊಡ್ಡಪ್ಪ ಬಗ್ಗಿ ನೋಡಿ, ಇಷ್ಟು ಸಣ್ಣ ಕಾಳನ್ನು ನಮ್ಮ ಕೋಳಿಯೂ ಕುಕ್ಕಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಕ್ಕನ ಬೆರಳು ಮೂಲೆಯಲ್ಲಿದ್ದ ಒಂದರ ಹತ್ತಿರ ಹೋಗಿ ನಿಂತಿತು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಚೂಪಾಗಿ, ನೀರಿನ ಹನಿಯ ಹಾಗೆ ಕಡೆದ ಕಲ್ಲು. ಪೇರ್ ಕಟ್ ಎಂದರು ಅಂಗಡಿಯವರು. ಅಷ್ಟು ವರ್ಷ ಬೇರೆಯವರು ತನ್ನನ್ನು ಆರಿಸಲೆಂದು ತಲೆ ತಗ್ಗಿಸಿ ಕೂತವಳು ಅಂದು ತಾನೇ ಒಂದನ್ನು ಆರಿಸಿದಳು. ಇದೇ ಇರಲಿ ಎಂದಳು. ದೊಡ್ಡಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು.

ಹುಡುಗನ ತಾಯಿ ಮಾತ್ರ ಅನುಮಾನಿಸಿದರು. ಮೊದಲೇ ವಜ್ರ, ಅದರಲ್ಲೂ ಚೂಪು ತುದಿಯದು, ಎಲ್ಲರಿಗೂ ಆಗಿಬರುವುದಿಲ್ಲ ಎಂದರು. ವಜ್ರವನ್ನು ಉಂಗುರಕ್ಕೆ ಕೂರಿಸುವ ಮುಂಚೆ, ತೊಡುವವರ ದಿಂಬಿನ ಕೆಳಗೆ ಮೂರು ದಿನ ಇಟ್ಟು ನೋಡುವ ಪದ್ಧತಿಯೊಂದಿದೆ. ಕೆಟ್ಟ ಕನಸು, ಮನೆಯಲ್ಲಿ ಕಾಯಿಲೆ, ಕಷ್ಟ ಏನೂ ಬರದಿದ್ದರೆ ಕಲ್ಲು ಒಲಿಯಿತು ಎಂದು ಲೆಕ್ಕ. ಹಾಗೇ ಮಾಡೋಣ ಎಂದು ತೀರ್ಮಾನವಾಯಿತು. ಅಂಗಡಿಯವರು ಕಲ್ಲನ್ನು ಪೊಟ್ಟಣ ಕಟ್ಟಿ ಅಕ್ಕನ ಕೈಗೆ ಕೊಟ್ಟರು.

ಎರಡು ದಿನ ಸುಸೂತ್ರವಾಗಿ ಕಳೆಯಿತು. ಮೂರನೆಯ ದಿನ ಸಂಜೆ ಹುಡುಗನ ತಾಯಿಗೆ ಫೋನು ಮಾಡಿ ತಿಳಿಸುವುದಿತ್ತು. ಅಂದು ಬೆಳಗ್ಗೆ ನೋಡುತ್ತೇನೆ, ದೊಡ್ಡಪ್ಪ ತಮ್ಮ ಬ್ಯಾರನ್ ಮುಂದಿನ ಕಂಬಕ್ಕೆ ಒರಗಿ ಎದೆ ಹಿಡಿದುಕೊಂಡು ಕೂತಿದ್ದಾರೆ. ಅಂಗಿಯೆಲ್ಲ ಬೆವರು. ಒಲೆಯ ಕಾವು ಅಂದರು. ಒಲೆಯ ಕಾವಿಗೆ ಎಡಗೈ ಯಾಕೆ ನೋಯಬೇಕು? ಕಾರು ತರುತ್ತೇನೆ ಎಂದು ತಿರುಗಿದರೆ ನನ್ನ ಅಂಗಿಯ ತುದಿ ಹಿಡಿದುಕೊಂಡರು.

"ಬ್ಯಾಡ ಕಣ್ಲಾ. ಸಂಜೆಗಂಟ ತಡ್ಕೋತೀನಿ. ಆಸ್ಪತ್ರೆಗೋದೆ ಅಂದ್ರೆ ಕಲ್ಲು ಆಗ್ಬರ್ನಿಲ್ಲ ಅಂತಾರೆ. ಆಮೇಲೆ ಎಣ್ಮಗಳೇ ಆಗ್ಬರಾಕಿಲ್ಲ ಅಂತಾರೆ."

ನಾನು ಕೇಳಲಿಲ್ಲ, ಅಕ್ಕನನ್ನು ಕೂಗಿ ಕರೆದೆ. ಅವಳು ಓಡಿ ಬಂದು ಅಪ್ಪನ ಕಾಲು ಹಿಡಿದಳು. ಕಲ್ಲೂ ಬೇಡ, ಮದುವೆಯೂ ಬೇಡ, ಏಳಪ್ಪ ಎಂದು ಗೋಳಾಡಿದಳು. ಆ ಮನುಷ್ಯ ಕಂಬವನ್ನು ತಬ್ಬಿಕೊಂಡುಬಿಟ್ಟರು. ಎತ್ತಲು ಹೋದರೆ ಕೊಸರಾಡಿದರು. ಕೊಸರಾಡಿದಷ್ಟೂ ಉಸಿರು ಕಟ್ಟುತ್ತಿತ್ತು, ಹೆದರಿ ಕೈಬಿಟ್ಟೆವು. ಮೊದಲು ಅವರಿಗೆ ಫೋನು ಮಾಡಿ ಎಲ್ಲ ಚೆನ್ನಾಗಿದೆ ಅನ್ನು, ಆಮೇಲೆ ಕಾರು ಹತ್ತುತ್ತೇನೆ ಎಂಬುದೊಂದೇ ಹಟ. ಅಕ್ಕ ಫೋನು ಮಾಡಿದಳು. ಅತ್ತ ಕಡೆ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ... ಎತ್ತಿ ತಾಯೀ, ಎತ್ತಿ ಎಂದು ನಾನು ಕಾರಿನ ಬಾಗಿಲು ತೆರೆದಿಟ್ಟುಕೊಂಡು ಒಳಗೊಳಗೇ ಬೇಡುತ್ತಿದ್ದೆ. ಕೊನೆಗೂ ಎತ್ತಿದರು. ಅಕ್ಕ ವೇಲಿನಿಂದ ಮುಖ ಒರೆಸಿಕೊಂಡು, ಅವರು ಎದುರಿಗೇ ಇದ್ದಾರೇನೋ ಎಂಬಂತೆ ನೆಟ್ಟಗೆ ನಿಂತಳು.

"ಎಲ್ಲಾ ಚೆನ್ನಾಗೈತೆ ಅತ್ತೆ. ಅಪ್ಪಾನೂ ಚೆನ್ನಾಗವ್ರೆ."

ಆಗ ದೊಡ್ಡಪ್ಪ ಎದ್ದರು. ತಾವಾಗಿಯೇ ನಡೆದು ಬಂದು ಕಾರು ಹತ್ತಿದರು. ಹುಣಸೂರಿನವರೆಗೆ ನಾನು ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಒಂಚೂರು ಮುಂಚೆ ಕರೆತಂದಿದ್ದರೆ ಎಂದು ಅರ್ಧಕ್ಕೇ ಮಾತು ನಿಲ್ಲಿಸಿದರು.

ಹುಡುಗನ ಮನೆಯವರು ಮಣ್ಣಿಗೆ ಬಂದರು. ಎಲ್ಲ ಮುಗಿದ ಮೇಲೆ ಅಕ್ಕ ಆ ಪೊಟ್ಟಣವನ್ನು ತಂದು ಹುಡುಗನ ತಾಯಿಯ ಕೈಯಲ್ಲಿಟ್ಟಳು. ನಡೆದದ್ದನ್ನು ಬಿಡದೆ ಹೇಳಿದಳು, ಫೋನಿನಲ್ಲಿ ಸುಳ್ಳಾಡಿದ್ದನ್ನೂ. ಇನ್ನು ಈ ಸಂಬಂಧ ಮುಗಿಯಿತು ಎಂದುಕೊಂಡೇ ನಾನು ನಿಂತಿದ್ದೆ. ಆ ಹೆಂಗಸು ಪೊಟ್ಟಣವನ್ನು ಪಕ್ಕಕ್ಕಿಟ್ಟರು. ಆಮೇಲೆ ಅಕ್ಕನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು.

"ಬ್ಯಾರೆ ಕಲ್ಲು ತರ್ತಿದ್ದೊ ಕಣವ್ವ. ಕಲ್ಲು ಆಗ್ಬರ್ನಿಲ್ಲ ಅಂದ್ರೆ ಇನ್ನೊಂದು ಕಲ್ಲು... ಅದಕ್ಕೆ ನಿನ್ನ ಯಾಕವ್ವ ಬುಡ್ತಿದ್ದೊ?"

ಮದುವೆ ನಡೆಯಿತು. ಬರಿಯ ಚಿನ್ನದ ಉಂಗುರ ಹಾಕಿದರು. ನಾನೂ ಊರು ಬಿಟ್ಟು ಪಿರಿಯಾಪಟ್ಟಣದಲ್ಲಿ ಮನೆ ಮಾಡಿದೆ. ಮೊನ್ನೆ ಅಕ್ಕನನ್ನು ನೋಡಿಕೊಂಡು ವಾಪಸ್ ಬರುವಾಗಲೇ ಆ ಘಾಟು ಮೂಗಿಗೆ ಬಡಿದದ್ದು. ಅಕ್ಕ ಚೆನ್ನಾಗಿದ್ದಾಳೆ. ಅತ್ತೆ ಒಂದು ದಿನವೂ ಗದರಿದವರಲ್ಲವಂತೆ, ಜ್ವರ ಬಂದರೆ ತಾವೇ ಕೂತು ಗಂಜಿ ಕುಡಿಸುತ್ತಾರಂತೆ. ಅವರು ಕೆಟ್ಟವರಾಗಿದ್ದರೆ ಬೈದಾದರೂ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ. ಅಷ್ಟೊಂದು ಹೆದರಿ ಹೋದ ಮನುಷ್ಯನಿಗೆ, ಹೆದರುವಂಥದ್ದು ಏನೂ ಇರಲಿಲ್ಲ ದೊಡ್ಡಪ್ಪ ಎಂದು ಈಗ ಯಾರು ಹೋಗಿ ಹೇಳುವುದು?