ಮೂರು ಪೆಟ್ಟಿಗೆಗಳ ಮನೆ ನಂಬರು

ಮಂಡಿ ಮೊಹಲ್ಲಾದಲ್ಲಿ ಇಪ್ಪತ್ತೆರಡು ವರ್ಷ ಕೊರಿಯರ್ ಹಂಚಿದ ಶಿವಮಲ್ಲಪ್ಪನವರಿಗೆ ಇದ್ದದ್ದು ಒಂದೇ ಹೆಮ್ಮೆ: ತಾವು ಹಂಚಿದ ಒಂದು ಲಕೋಟೆಯೂ ತಪ್ಪು ಮನೆಗೆ ಹೋಗಿಲ್ಲ. ಅಲ್ಲಿನ ಬಾಗಿಲುಗಳ ಮೇಲೆ ಹಳೆ ನಂಬರು, ಹೊಸ ನಂಬರು, ಕೆಲವು ಕಡೆ ಅದಕ್ಕೂ ಹೊಸ ನಂಬರು. ಬೇರೆಯವರು ಬೀದಿ ಸುತ್ತಿ ಸುಸ್ತಾಗುತ್ತಿದ್ದರೆ ಇವರು ಮನೆಯವರ ಹೆಸರು ಹಿಡಿದು ನೆಟ್ಟಗೆ ಹೋಗಿ ಬಾಗಿಲು ತಟ್ಟುತ್ತಿದ್ದರು. "ನಂಬರ್ ಇವತ್ತೊಂದು, ನಾಳೆ ಒಂದು. ಮನೆಯೋರು ಬದ್ಲಾಗ್ತಾರಾ?" ಎಂದು ಹೆಂಡತಿ ಸಿದ್ದಲಿಂಗಮ್ಮನಿಗೆ ದಿನಾ ಊಟದ ಹೊತ್ತಿಗೆ ಉಪದೇಶ. ಆ ಗಲಾಟೆಯಲ್ಲಿ ಆಕೆಯ ಸಾರು ಹೇಗಿದೆ ಎಂದು ಅವರು ಒಂದು ದಿನವೂ ಹೇಳಲಿಲ್ಲ.

ಕಾಲು ಸೋತ ಮೇಲೆ ಲಕ್ಷ್ಮೀಪುರಂನ ಯೋಗೇಂದ್ರ ಎಂಬುವವರ ಅಂಗಡಿ ಸೇರಿದರು. ಊರಿನವರ ಮದುವೆ ವಿಡಿಯೋಗಳನ್ನು ಜೋಪಾನವಾಗಿ ಇಟ್ಟುಕೊಡುವುದು ಅಲ್ಲಿನ ಕೆಲಸ. ಒಳಕೋಣೆಯಲ್ಲಿ ಸಾಲಾಗಿ, ವಿಡಿಯೋ ತುಂಬಿಡುವ ಮೂರು ಡಿಸ್ಕ್ ಪೆಟ್ಟಿಗೆ. ಎಡಗಡೆಯದು ಒಂದನೇ ನಂಬರು, ಅದರಲ್ಲಿ ಹಳೆಯ ಮದುವೆಗಳು; ಅವಕ್ಕೆ ಇನ್ನೊಂದು ಪ್ರತಿಯೇ ಇಲ್ಲ. ನಡುವಿನದರಲ್ಲಿ ಈಚಿನ ಮದುವೆಗಳು. ಬಲಗಡೆಯದು ಮೂರನೇ ನಂಬರು, ಅದು ಸ್ಲೇಟು ಇದ್ದ ಹಾಗೆ: ದಿನಾ ಸಂಜೆ ನಾಲ್ಕಕ್ಕೆ ಕಂಪ್ಯೂಟರ್ ತಾನಾಗಿಯೇ ಮೂರನೇ ನಂಬರನ್ನು ಪೂರ್ತಿ ಅಳಿಸಿ ಹೊಸ ಸರಕು ತುಂಬುತ್ತಿತ್ತು. ಕಂಪ್ಯೂಟರಿಗೂ ಪೆಟ್ಟಿಗೆಗಳಿಗೂ ನಡುವೆ ಬ್ರಿಡ್ಜ್ ಎಂಬ ಚಪ್ಪಟೆ ಡಬ್ಬಿ. ಕಂಪ್ಯೂಟರಿಗೆ ಪೆಟ್ಟಿಗೆಗಳ ಮುಖಪರಿಚಯವಿಲ್ಲ. ಬ್ರಿಡ್ಜ್ ಹೇಳಿದ ನಂಬರೇ ಅದಕ್ಕೆ ವಿಳಾಸ.

"ಅಂಕಲ್, ಏನೇ ಆಗ್ಲಿ, ನನ್ನ ಕೇಳ್ದೆ ಇವನ್ನ ಆಫ್ ಮಾಡ್ಬೇಡಿ," ಎಂದು ಇಂಜಿನಿಯರ್ ಐಶ್ವರ್ಯ ಮೊದಲ ದಿನವೇ ಹೇಳಿದ್ದಳು. ಶಿವಮಲ್ಲಪ್ಪನವರು ತಲೆಯಾಡಿಸಿದ್ದರು.

ಆದರೆ ಆಯುಧಪೂಜೆ ಬಂತು. ದೂಳು ಹಿಡಿದ ಯಂತ್ರಕ್ಕೆ ಕುಂಕುಮ ಇಟ್ಟರೆ ಅದೆಂಥ ಪೂಜೆ? ಬೆಳಿಗ್ಗೆ ಯಾರಿಗೂ ಹೇಳದೆ ಎಲ್ಲವನ್ನೂ ಆಫ್ ಮಾಡಿ ಒರೆಸಿದರು. ಪೆಟ್ಟಿಗೆಗಳಿಗೆ ಮೂರು ಮೂರು ಪಟ್ಟೆ ವಿಭೂತಿ ಬಳಿದರು, ಸೇವಂತಿಗೆ ಮುಡಿಸಿದರು. ಶುಭಕಾರ್ಯ ಬಲದಿಂದಲ್ಲವೇ ಶುರುವಾಗಬೇಕು? ಬಲಗಡೆಯ ಪೆಟ್ಟಿಗೆಗೆ ಮೊದಲ ಮಂಗಳಾರತಿ, ಮೊದಲ ಸ್ವಿಚ್ಚು. ಆಮೇಲೆ ನಡುವಿನದು, ಕೊನೆಗೆ ಎಡಗಡೆಯದು. ಬ್ರಿಡ್ಜಿಗೆ ಪೂಜೆಯ ವಿಷಯ ಏನು ಗೊತ್ತು, ಪಾಪ! ಎದ್ದವರಿಗೆ ಎದ್ದ ಸರದಿಯಲ್ಲೇ ಒಂದು, ಎರಡು, ಮೂರು ಎಂದು ನಂಬರು ಹಂಚಿಬಿಟ್ಟಿತು.

ಮೂರೂವರೆಗೆ ಪಂಕಜಾ ಎಂಬಾಕೆ ಬಂದರು. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತಂತೆ.

"ನಮ್ಮಮ್ಮ ಹೋಗಿ ಎರಡು ತಿಂಗ್ಳಾಯ್ತು ಕಣ್ರೀ. ಫೋಟೋ ಬೇಕಾದಷ್ಟಿದೆ. ಧ್ವನಿ ಮಾತ್ರ ಎಲ್ಲೂ ಇಲ್ಲ. ನನ್ನ ಮದುವೆ ವಿಡಿಯೋದಲ್ಲಿ ಮಾತಾಡಿದ್ರು, ಅದೊಂದು ಬೇಕು."

"ಒಂದನೇ ಪೆಟ್ಟಿಗೆ ಕಣಮ್ಮ, ಕೂತ್ಕೊಳ್ಳಿ," ಎಂದು ಶಿವಮಲ್ಲಪ್ಪನವರು ಒಂದನೇ ನಂಬರು ತೆರೆದರು. ಪರದೆಯ ಮೇಲೆ ಲಷ್ಕರ್ ಮೊಹಲ್ಲಾದ ಯಾವನೋ ಮದುಮಗ ಕಪ್ಪು ಕನ್ನಡಕ ಹಾಕಿಕೊಂಡು ಕುಣಿಯುತ್ತಿದ್ದ.

ಪಂಕಜಾ ಸ್ವಲ್ಪ ಹೊತ್ತು ನೋಡಿ, "ಇವ್ರು ನಮ್ಮ ಯಜಮಾನ್ರಲ್ಲ," ಎಂದರು.

ಅದು ಮೂರನೇ ಪೆಟ್ಟಿಗೆಗೆ ನಿನ್ನೆ ತುಂಬಿದ ವಿಡಿಯೋ. ಮೂರನೆಯದು ಒಂದಾಗಿದೆ ಎಂದರೆ ಒಂದನೆಯದು? ಶಿವಮಲ್ಲಪ್ಪನವರು ಗಡಿಯಾರ ನೋಡಿದರು. ನಾಲ್ಕು ಗಂಟೆಗೆ ಕಂಪ್ಯೂಟರ್ ಮೂರನೇ ನಂಬರನ್ನು ಅಳಿಸುತ್ತದೆ, ಮತ್ತು ಈಗ ಆ ನಂಬರಿನಲ್ಲಿ ಕೂತಿರುವುದು ಪಂಕಜಾರ ಅಮ್ಮ.

ಅಳಿಸುವುದನ್ನು ನಿಲ್ಲಿಸಲು ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದದ್ದು ಐಶ್ವರ್ಯಳಿಗೆ ಮಾತ್ರ. ಆಕೆ ಫೋನ್ ಎತ್ತಲಿಲ್ಲ. ಶಿವಮಲ್ಲಪ್ಪನವರು ಹೊರಗೆ ಓಡಿದರು. ಯೋಗೇಂದ್ರ ಕಾರಿಗೆ ಆರತಿ ಎತ್ತುತ್ತಿದ್ದರು.

"ಸಾರ್, ಮನೆ ನಂಬರ್ ಅದ್ಲುಬದ್ಲಾಗ್ಬುಟ್ಟಿದೆ!"

"ಯಾರ ಮನೇದ್ರೀ? ಪಕ್ಕಕ್ಕೆ ನಿಂತ್ಕೊಳ್ಳಿ, ಚಕ್ರದಡಿ ನಿಂಬೆಹಣ್ಣಿದೆ."

ಒಳಗೆ ಬರುವಾಗ ಗಂಟೆ ಮೂರು ಐವತ್ತೇಳು. ಶಿವಮಲ್ಲಪ್ಪನವರಿಗೆ ಕಂಪ್ಯೂಟರ್ ವಿದ್ಯೆ ಗೊತ್ತಿರಲಿಲ್ಲ, ಹಂಚುವ ವಿದ್ಯೆ ಗೊತ್ತಿತ್ತು. "ಹಂಚೋನೇ ರಜಾ ಹಾಕಿದ್ರೆ ಕಾಗ್ದ ಯಾವ ಮನೆಗೂ ಹೋಗಲ್ಲ," ಎಂದುಕೊಂಡು, ಬ್ರಿಡ್ಜಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಯಲ್ಲೇ ಹಿಡಿದು ನಿಂತರು. ನಾಲ್ಕು ಹೊಡೆಯಿತು. ವಿಳಾಸ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಗೋಳಾಡಿತು. ಆ ಮಾತು ಕೇಳಿ ಅವರಿಗೆ ಖುಷಿಯಾದದ್ದು ಜೀವಮಾನದಲ್ಲಿ ಅದೇ ಮೊದಲು.

ಮಿಸ್ಡ್ ಕಾಲ್ ನೋಡಿಕೊಂಡು ಅರ್ಧ ಗಂಟೆಗೆ ಐಶ್ವರ್ಯ ಹೂಮಾಲೆ ಹಾಕಿದ ಸ್ಕೂಟರಿನಲ್ಲಿ ಬಂದಳು. ಒಳಗೆ ಹೋಗಿ, ಪಾಸ್‌ವರ್ಡ್ ಕೊಟ್ಟು ಅಳಿಸುವುದನ್ನು ನಿಲ್ಲಿಸಿ, ಪ್ಲಗ್ಗು ಮತ್ತೆ ಹಾಕಿಸಿ, ಅದೂ ಇದೂ ಒತ್ತಿ ನೋಡಿ, "ಬೆಳಿಗ್ಗೆ ಕರೆಂಟ್ ಹೋಗಿರ್ಬೇಕು, ಅಲ್ವಾ ಅಂಕಲ್?" ಎಂದಳು. ಬಾಗಿಲಲ್ಲಿ ಯೋಗೇಂದ್ರ ನಿಂತಿದ್ದರು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇಪ್ಪತ್ತೆರಡು ವರ್ಷದ ಹೆಮ್ಮೆ ಹಾಗೇ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಶಿವಮಲ್ಲಪ್ಪನವರು ಬಾಯಿ ತೆರೆದದ್ದೂ ಹೂಂ ಅನ್ನುವುದಕ್ಕೇ. ಆದರೆ ಅಲ್ಲೇ ಕುರ್ಚಿಯಲ್ಲಿ ಪಂಕಜಾ ಬ್ಯಾಗು ತಬ್ಬಿಕೊಂಡು ಕೂತಿದ್ದರು.

"ಕರೆಂಟ್ ಹೋಗಿರ್ಲಿಲ್ಲ ಕಣಮ್ಮ. ಪೂಜೆಗೆ ಅಂತ ನಾನೇ ಆಫ್ ಮಾಡ್ದೆ. ಬಲಗಡೆಯಿಂದ ಆನ್ ಮಾಡ್ದೆ. ತಪ್ಪಾಯ್ತು."

ಯೋಗೇಂದ್ರ ಪೆಟ್ಟಿಗೆಗಳ ಹಣೆಯ ವಿಭೂತಿಯನ್ನು ಒಂದೊಂದಾಗಿ ನೋಡಿದರು. "ಮುಂದಿನ್ ವರ್ಷ ಬಾಗ್ಲಿಂದಾನೇ ಹೂ ಎಸೀರಿ," ಎಂದು ಹೊರಗೆ ಹೋದರು.

ಐಶ್ವರ್ಯ ಪ್ರತಿ ಪೆಟ್ಟಿಗೆಯೂ ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಪಡೆದುಬಂದ ಗುರುತನ್ನು ಓದಿ, ಅದಕ್ಕೊಂದು ಕಾಯಂ ನಂಬರು ಕಟ್ಟಿಹಾಕಿದಳು. ಇನ್ನು ಯಾರು ಮೊದಲು ಎದ್ದರೂ ಅವರವರ ನಂಬರು ಅವರವರಿಗೇ.

"ಮೊದ್ಲೇ ನಾನು ಮಾಡ್ಬೇಕಿತ್ತು ಅಂಕಲ್," ಎಂದಳು ಮೆಲ್ಲಗೆ.

"ಮೊದ್ಲೇ ಮಂಡಿ ಮೊಹಲ್ಲಾದಲ್ಲಿ ಮಾಡ್ಬೇಕಿತ್ತು ಕಣಮ್ಮ," ಎಂದರು ಇವರು.

ಒಂದನೇ ನಂಬರು ತೆರೆಯಿತು. ಛತ್ರದ ಊಟದ ಪಂಕ್ತಿ. ಹಸಿರು ಸೀರೆಯ ದಪ್ಪ ಹೆಂಗಸೊಬ್ಬರು ಪಾಯಸದ ಬಕೆಟ್ಟು ಹಿಡಿದವನನ್ನು ಗದರಿ, ಥಟ್ಟನೆ ಕ್ಯಾಮೆರಾದತ್ತ ತಿರುಗಿದರು. "ಬೆಳಿಗ್ಗೆಯಿಂದ ನನ್ ಹಿಂದೆನೇ ಸುತ್ತುತಿದ್ದೀಯಲ್ಲಪ್ಪಾ, ಊಟ ಮಾಡ್ದ್ಯಾ ಇಲ್ವಾ? ಮೊದ್ಲು ಹೋಗಿ ಊಟ ಮಾಡು."

ಪಂಕಜಾ ನಗುತ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆಳಿಗ್ಗೆಯಿಂದ ತುತ್ತು ಕಾಣದ ಶಿವಮಲ್ಲಪ್ಪನವರು, ಪ್ಲಗ್ಗು ಹಿಡಿದು ಹಿಡಿದು ಮರಗಟ್ಟಿದ್ದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, ಪರದೆಗೆ ಉತ್ತರ ಕೊಟ್ಟರು.

"ಇಲ್ಲ ಕಣಮ್ಮ. ಈಗ ಹೋಗ್ತೀನಿ."